ಕಾಲು ಜಾರಿದ ಚಳಿಗಾಲ

ನಮ್ಮ ಮನೆಯ ಫ್ರಿಜ್ ಹಳೆಯದು. ತಿಂಗಳಿಗೊಮ್ಮೆ ಅದರ ಫ್ರೀಜರಿನಲ್ಲಿ ಐಸು ಕಟ್ಟಿಕೊಂಡು ಒಂದು ಬಟ್ಟಲು ಇಡುವುದಕ್ಕೂ ಜಾಗವಿಲ್ಲದಂತಾಗುತ್ತದೆ. ಆಗ ಸ್ವಿಚ್ ಆರಿಸಿ, ಬಾಗಿಲು ತೆರೆದಿಟ್ಟು, ಕೆಳಗೊಂದು ಹಳೆಯ ಟವೆಲ್ ಹಾಸಿ ಕಾಯುವುದು ನನ್ನ ಕೆಲಸ. ಹೊಸದು ತಗೋ ಎಂದು ಮಗಳು ಬಂದಾಗಲೆಲ್ಲ ಹೇಳುತ್ತಾಳೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆ ಬಾಗಿಲು ತೆರೆದ ಕೂಡಲೇ ಒಂದು ವಾಸನೆ ಬರುತ್ತದೆ. ಒದ್ದೆ ಕಬ್ಬಿಣದ್ದೋ, ಹೆಪ್ಪುಗಟ್ಟಿದ ನೀರಿನದ್ದೋ, ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಹೊಸ ಫ್ರಿಜ್‌ಗಳಲ್ಲಿ ಅದು ಇರುವುದಿಲ್ಲ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಮೈಸೂರಿನ ಈ ಅಡುಗೆಮನೆ ಬಿಟ್ಟು ನಾನು ದುಬೈಯ ಹಿಮದ ಬೆಟ್ಟದ ಬುಡದಲ್ಲಿ ಹೋಗಿ ನಿಂತಿರುತ್ತೇನೆ.

ಮೊನ್ನೆಯೂ ಹಾಗೆಯೇ ಮೈಮರೆತು ನಿಂತಿದ್ದೆ. ನನ್ನ ಗಂಡ ಸದಾನಂದ ಪೇಪರಿನಿಂದ ತಲೆ ಎತ್ತಿ, "ನಿನ್ನ ಬೆಟ್ಟ ಕರಗ್ತಾ ಉಂಟು. ಜಾಗ್ರತೆ, ನೀರಿನಲ್ಲಿ ಕಾಲು ಜಾರೀತು" ಎಂದರು. ಅಂದವರೇ ನಾಲಿಗೆ ಕಚ್ಚಿಕೊಂಡರು. ನಮ್ಮ ಮನೆಯಲ್ಲಿ ಅವರು ಆ ಎರಡು ಪದಗಳನ್ನು ಒಟ್ಟಿಗೆ ಆಡಕೂಡದೆಂದು ಬಹಳ ವರ್ಷಗಳಿಂದ ನಿಷೇಧವಿದೆ. ಯಾಕೆ ಎನ್ನುವುದನ್ನು ಹೇಳಬೇಕಾದರೆ ಆ ಒಂದು ಚಳಿಗಾಲವನ್ನು ಪೂರ್ತಿ ಹೇಳಬೇಕು.

ಎರಡು ಸಾವಿರದ ಐದರ ಕೊನೆ. ನಾವು ದುಬೈಯ ಕರಾಮಾದಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಉಡುಪಿ ಕಡೆಯವರಾದ ನನ್ನ ಗಂಡ ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುತ್ತಿದ್ದರು. ನಾನು ಮೈಸೂರಿನವಳು. ಮಗಳು ಶ್ರೇಯಾಗೆ ಏಳು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು. ಅಪ್ಪ ಅಮ್ಮ ಹೋದ ಮೇಲೆ ನನ್ನ ಏಕೈಕ ತಂಗಿ ಮಮತಾಳನ್ನೂ ಕರೆಸಿಕೊಂಡಿದ್ದೆ. ಸಿಲಿಕಾನ್ ಓಯಸಿಸ್ ಎಂದು ಮರಳಿನ ನಡುವೆ ಆಗಷ್ಟೇ ಏಳುತ್ತಿದ್ದ ಕಟ್ಟಡಗಳಲ್ಲೊಂದರ ಆಫೀಸಿನಲ್ಲಿ ಅವಳಿಗೆ ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಹೋಗಿ ಸಂಜೆ ಬಂದು, ಪಾತ್ರೆ ತೊಳೆದು, ಬಾಗಿಲ ಶಬ್ದವೂ ಆಗದಂತೆ ಕೋಣೆ ಸೇರಿ ಮಲಗುವ ಹುಡುಗಿ. ಊರಲ್ಲಿ ಎರಡು ಸಂಬಂಧ ನೋಡಿ ಎರಡೂ ತಪ್ಪಿಹೋಗಿದ್ದವು. ಹುಡುಗಿ ಮಾತೇ ಆಡುವುದಿಲ್ಲ ಎನ್ನುವುದು ಎರಡೂ ಕಡೆಯವರ ದೂರು. ಮಾತಾಡುವ ಹುಡುಗಿ ಬೇಕಿದ್ದರೆ ಹತ್ತು ವರ್ಷ ಮುಂಚೆ ಬಂದು ನನ್ನನ್ನು ನೋಡಬೇಕಿತ್ತು ಎಂದು ನಾನು ಹಲ್ಲು ಕಡಿದಿದ್ದೆ.

ಅದೇ ಚಳಿಗಾಲ ದುಬೈಯ ಒಂದು ಮಾಲ್‌ನ ಒಳಗೆ ಹಿಮದ ಬೆಟ್ಟ ತೆರೆಯಿತು. ಹೊರಗೆ ಡಿಸೆಂಬರಿನ ಮಧ್ಯಾಹ್ನದಲ್ಲೂ ಸ್ವೆಟರ್ ಬೇಡದ ಊರು. ಒಳಗೆ ಗಾಜಿನ ಆಚೆ ಮೇಲಿನಿಂದ ಕೆಳಗಿನವರೆಗೆ ಬಿಳಿ ಇಳಿಜಾರು. ಕ್ಯಾಲೆಂಡರಿನ ಆಲ್ಪ್ಸ್ ಚಿತ್ರದಲ್ಲಿ ಏನೇನಿರುತ್ತದೋ ಅದೆಲ್ಲವನ್ನೂ ತಂದಿಟ್ಟಿದ್ದರು: ಪೈನ್ ಮರಗಳು, ಕುರ್ಚಿಗಳನ್ನು ನೇತುಹಾಕಿಕೊಂಡು ಮೇಲೇರುವ ತಂತಿ, ಅರ್ಧ ದಾರಿಯಲ್ಲಿ ಮರದ ಪುಟ್ಟ ಮನೆಯಂಥ ಚಹಾದಂಗಡಿ. ಮೊದಲ ಮೂರು ಶುಕ್ರವಾರ ನಾವು ಗಾಜಿಗೆ ಮೂಗು ಒತ್ತಿ ನೋಡಿದ್ದಷ್ಟೇ. ನಮ್ಮ ಜೊತೆ ಅರ್ಧ ದುಬೈ ಮೂಗು ಒತ್ತಿತ್ತು. ಕಪ್ಪು ಅಬಾಯಾ ನಿಲುವಂಗಿಯ ಮೇಲೆ ದಪ್ಪ ಜಾಕೆಟ್ ತೊಟ್ಟ ಹೆಂಗಸರು ಒಳಗೆ ಮಕ್ಕಳ ಜೊತೆ ಹಿಮದುಂಡೆ ಎಸೆದಾಡುತ್ತಿದ್ದರೆ ಹೊರಗೆ ನಿಂತ ನಾವು ಅವರ ಪರವಾಗಿ ನಡುಗುತ್ತಿದ್ದೆವು.

ನಾಲ್ಕನೆಯ ಶುಕ್ರವಾರ ಒಳಗೆ ಹೋದೆವು. ಜಾಕೆಟ್, ಪ್ಯಾಂಟು, ಬೂಟು ಅಲ್ಲೇ ಬಾಡಿಗೆಗೆ. ಟೋಪಿ, ಕೈಗವಸು ಮಾತ್ರ ನಮ್ಮದೇ ಆಗಬೇಕು. ಟೋಪಿಯ ಚಿಂತೆ ಇರಲಿಲ್ಲ, ಮೈಸೂರಿನವರ ಟ್ರಂಕಿನಲ್ಲಿ ಮಂಕಿ ಕ್ಯಾಪ್ ಇಲ್ಲದಿರುವುದುಂಟೇ. ಕೈಗವಸಿಗೆ ನನ್ನ ಗಂಡ ತಮ್ಮ ಸ್ಟೋರಿನಿಂದ ಮೆಕ್ಯಾನಿಕ್‌ಗಳ ದಪ್ಪ ಕೈಗವಸು ತಂದರು. ಗ್ರೀಸಿನ ವಾಸನೆಯ ಕೈ, ಕಣ್ಣು ಮಾತ್ರ ಕಾಣುವ ತಲೆ. ಬ್ಯಾಂಕ್ ದೋಚಲು ಹೊರಟ ಸಂಸಾರದ ಹಾಗೆ ನಾವು ಹಿಮಕ್ಕೆ ಕಾಲಿಟ್ಟೆವು.

ಮಮತಾ ನಾಲ್ಕು ಹೆಜ್ಜೆ ಹಾಕಿ ದೊಪ್ಪನೆ ಬಿದ್ದಳು. ನಾನು ಓಡಿದೆ. ಅಳುತ್ತಿರಬೇಕೆಂದು ಟೋಪಿ ಸರಿಸಿ ನೋಡಿದರೆ ನಗುತ್ತಿದ್ದಳು. ಆ ಬಿಳಿ ಗುಹೆಯ ತುಂಬ ಕೇಳುವ ಹಾಗೆ. ನನ್ನ ತಂಗಿಗೆ ಅಷ್ಟು ದೊಡ್ಡ ನಗು ಇದೆಯೆಂದು ಅವಳ ಜೊತೆ ಒಂದೇ ಹಾಸಿಗೆಯಲ್ಲಿ ಬೆಳೆದ ನನಗೇ ಗೊತ್ತಿರಲಿಲ್ಲ. ಅವತ್ತೇ ಅವಳು ಸ್ಕೀಯಿಂಗ್ ತರಗತಿಗೆ ಹೆಸರು ಕೊಟ್ಟಳು. ಆಮೇಲೆ ಪ್ರತಿ ಶುಕ್ರವಾರವೂ ಅದೇ ನಮ್ಮ ಹಬ್ಬ. ಪುಳಿಯೋಗರೆ ಕಟ್ಟಿಕೊಂಡು ಹೋಗಿ ಕಾರಿನಲ್ಲಿ ಕೂತು ತಿಂದು ಒಳಗೆ ನುಗ್ಗುವುದು. ಕೋಲು ಹಿಡಿದು, ಮೊಣಕಾಲು ಬಗ್ಗಿಸಿ, ಇಳಿಜಾರಿನಲ್ಲಿ ಎಡಕ್ಕೂ ಬಲಕ್ಕೂ ಓಲಾಡುತ್ತ ಮಮತಾ ಇಳಿದು ಬರುವುದನ್ನು ಕೆಳಗೆ ನಿಂತು ನೋಡುವಾಗ ನನಗಾಗುತ್ತಿದ್ದ ಸಂತೋಷವನ್ನು ಏನೆಂದು ಹೇಳಲಿ. ಕೆಳಗೆ ಬಂದವಳು ಮಾತಾಡುತ್ತಿದ್ದಳು. ಮನೆಗೆ ಬಂದ ಮೇಲೂ ಮಾತಾಡುತ್ತಿದ್ದಳು.

ಗಿರೀಶ ಬಂದದ್ದು ಆಗಲೇ. ಮೈಸೂರಿನಲ್ಲಿದ್ದ ನಮ್ಮ ಸೋದರತ್ತೆ ಲಲಿತತ್ತೆ ಹುಡುಕಿದ ಸಂಬಂಧ. ಹುಡುಗ ಅಬುಧಾಬಿಯ ಮುಸಫ್ಫಾದಲ್ಲಿ ತೈಲದ ಕೆಲಸದ ಕಂಪನಿಯೊಂದರಲ್ಲಿ ಎಂಜಿನಿಯರ್. ತಂದೆ ಇಲ್ಲ, ತಾಯಿ ಸುಶೀಲಮ್ಮ ಮೈಸೂರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿ ನಿವೃತ್ತರಾದವರು. ಹೆಣ್ಣು ನೋಡುವ ಶಾಸ್ತ್ರ ನಮ್ಮ ಹಾಲ್‌ನಲ್ಲೇ ನಡೆಯಿತು. ಉಪ್ಪಿಟ್ಟು ಮುಗಿದರೂ ಹುಡುಗನೂ ತುಟಿ ಬಿಚ್ಚಲಿಲ್ಲ, ಹುಡುಗಿಯೂ ಬಿಚ್ಚಲಿಲ್ಲ. ಇದೂ ಹೋಯಿತು ಎಂದುಕೊಳ್ಳುತ್ತಿದ್ದೆ. ಆಗ ಶ್ರೇಯಾ ಬಂದು ಅವನ ಮುಂದೆ ನಿಂತು, "ಅಂಕಲ್, ಡು ಯೂ ಸ್ಕೀ?" ಎಂದಳು.

ಗಿರೀಶ ಬೆವರು ಒರೆಸಿಕೊಂಡು, "ಹೂಂ ಪುಟ್ಟ, ದಿನಕ್ಕೆ ಮೂರು ಸಲ. ಸ್ವಲ್ಪ ಸಕ್ಕರೆ ಜಾಸ್ತಿ ಇರಬೇಕು" ಎಂದ.

ಅವನಿಗೆ ಸ್ಕೀ ಎಂದದ್ದು ಟೀ ಎಂದು ಕೇಳಿಸಿತ್ತು. ಮಮತಾಗೆ ತಡೆಯಲಾಗಲಿಲ್ಲ. ಹಿಮದ ಮೇಲೆ ಮಾತ್ರ ಬರುತ್ತಿದ್ದ ಆ ದೊಡ್ಡ ನಗು ನಮ್ಮ ಹಾಲ್‌ನಲ್ಲಿ ಮೊದಲ ಸಲ ಕೇಳಿತು. ಗಿರೀಶ ಅವಳನ್ನೇ ನೋಡುತ್ತ ಕೂತ. ಮುಂದಿನ ಗುರುವಾರ ಸಂಜೆಯೇ ಅಬುಧಾಬಿಯಿಂದ ಬಸ್ಸು ಹತ್ತಿ ಬಂದ, ಕೈಯಲ್ಲಿ ಹೊಸ ಉಣ್ಣೆ ಟೋಪಿ ಹಿಡಿದುಕೊಂಡು. ಇನ್ನು ಹೇಳುವುದೇನಿದೆ, ಇಬ್ಬರೂ ಒಪ್ಪಿದ್ದರು. ಮಾಘದಲ್ಲಿ ಮೈಸೂರಿನಲ್ಲಿ ನಿಶ್ಚಿತಾರ್ಥ ಎಂದು ಲಲಿತತ್ತೆ ಮಾತು ಮುಗಿಸಿದರು. ಗಿರೀಶ ಮಾತ್ರ ಹಿಮದ ಮೇಲೆ ಒಂದು ನಿಮಿಷವೂ ನಿಲ್ಲಲು ಕಲಿಯಲಿಲ್ಲ. ಎದ್ದರೆ ಬೀಳುವುದು, ಬಿದ್ದರೆ ಏಳಿಸಲು ಮಮತಾ.

ಸಂಕ್ರಾಂತಿ ಕಳೆದ ಶುಕ್ರವಾರ ಎಳ್ಳುಬೆಲ್ಲದ ಪೊಟ್ಟಣಗಳನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡು ಹೋಗಿದ್ದೆವು. ಸ್ಕೀ ಕಲಿಸುವವನಿಗೂ ಒಂದು ಕೊಟ್ಟೆವು. ಅವನು ಕೊಬ್ಬರಿ ಚೂರನ್ನು ಬೆರಳಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಬಾಯಿಗೆ ಹಾಕಿಕೊಂಡ. ಇಳಿಜಾರಿನ ಬುಡದಲ್ಲಿ ಗಿರೀಶ ಎಂದಿನಂತೆ ಅಂಗಾತ ಬಿದ್ದ. ಎತ್ತಲು ಹೋದ ಮಮತಾಳ ಕಾಲು ಜಾರಿ, ಎಡಗೈ ಮೈಯ ಕೆಳಗೆ ಸಿಕ್ಕಿಕೊಂಡು ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಅವಳನ್ನು ನಾನೂ ಗಿರೀಶನೂ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ನನ್ನ ಗಂಡ ಶ್ರೇಯಾಳನ್ನು ಮನೆಗೆ ಕರೆತಂದರು. ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರ ಇರಲಿ ಎಂದರು. ಅದನ್ನು ಮನೆಗೆ ಫೋನ್ ಮಾಡಿ ತಿಳಿಸಿದೆ.

ಆಮೇಲೆ ಏನಾಯಿತೆಂದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ಆದರೆ ಅದನ್ನು ಈಗಲೇ ಹೇಳದಿದ್ದರೆ ಮುಂದಿನದರ ರುಚಿ ಹತ್ತುವುದಿಲ್ಲ. ನನ್ನ ಫೋನ್ ಇಟ್ಟ ಐದು ನಿಮಿಷಕ್ಕೆ ಲಲಿತತ್ತೆಯ ಫೋನ್ ಬಂದಿತ್ತು, ನಿಶ್ಚಿತಾರ್ಥದ ಸೀರೆಯ ಬಣ್ಣ ಕೇಳಲು. ನನ್ನ ಗಂಡ ಸುಳ್ಳಾಡುವವರಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ. ಹಾಗೆಯೇ ಹೇಳಿದರು.

"ಮಮತಾ ಇಲ್ಲ ಅತ್ತೆ, ಆಸ್ಪತ್ರೆಗೆ ಹೋಗಿದ್ದಾಳೆ. ಗಾಬರಿ ಆಗ್ಬೇಡಿ. ಕಾಲು ಜಾರಿತು, ಅಷ್ಟೇ."

"ಏನಂದ್ರಿ?"

"ಕಾಲು ಜಾರಿದ್ದು. ಪ್ರಾಯದ ಮಕ್ಕಳಲ್ವಾ, ಇಲ್ಲಿ ಇದೆಲ್ಲ ಆಗ್ತಾ ಇರ್ತದೆ."

"ಯಾರಿದ್ರು ಜೊತೇಲಿ?"

"ಬೇರೆ ಯಾರು, ಗಿರೀಶನೇ. ಪಾಪ, ಆಸ್ಪತ್ರೆಗೂ ಅವನೇ ಹೋಗಿದ್ದಾನೆ."

ಅತ್ತೆಯ ದನಿ ಇಳಿಯಿತಂತೆ. "ಡಾಕ್ಟರು ಏನಂತಾರೆ?"

"ಆರು ವಾರ ಅಂತ ಹೇಳಿದ್ರು."

"ಅಯ್ಯೋ ದೇವರೇ. ಈಗೇನ್ ಮಾಡೋದು?"

"ಎಂತ ಮಾಡ್ಲಿಕ್ಕೆ ಉಂಟು ಅತ್ತೆ. ಟೈಮ್ ಬಂದಾಗ ಹೋಗಿ ತೆಗೆಸುದು."

ಅತ್ತ ಕಡೆ ಫೋನ್ ಕಟ್ ಆಯಿತು. ಕಾರ್ಡಿನ ದುಡ್ಡು ಮುಗಿದಿರಬೇಕು ಎಂದುಕೊಂಡು ನನ್ನ ಗಂಡ ಮಗಳಿಗೆ ಊಟ ಬಡಿಸಲು ಹೋದರು.

ಸುಶೀಲಮ್ಮನವರಿಗೆ ವಿಷಯ ಮುಟ್ಟಲು ಎಷ್ಟು ಹೊತ್ತು ಬೇಕು. ಲಲಿತತ್ತೆ ಆಟೋ ಹತ್ತಿ ಅವರ ಮನೆಗೇ ಹೋಗಿ, ತಲೆ ತಗ್ಗಿಸಿ ಹೇಳಿ ಬಂದರು. ಸುಶೀಲಮ್ಮ ನಂಬಲಿಲ್ಲ. ತನ್ನ ಮಗ ಅಂಥವನಲ್ಲ ಎನ್ನುವ ಧೈರ್ಯ. ರಾತ್ರಿ ಅವನಿಗೇ ಫೋನ್ ಮಾಡಿದರು.

"ಮಮತಾ ಕಾಲು ಜಾರಿದ್ದು ನಿಜವೇನೋ?"

"ನಿಜ ಅಮ್ಮ. ನಿಮಗ್ಯಾರು ಹೇಳಿದ್ರು? ತಪ್ಪೆಲ್ಲ ನನ್ನದೇ. ನಾನು ನೆಟ್ಟಗಿದ್ದಿದ್ರೆ ಅವಳಿಗೆ ಹೀಗಾಗ್ತಿರಲಿಲ್ಲ."

ಅಷ್ಟು ಕೇಳಿದ ಮೇಲೆ ತಾಯಿ ಇನ್ನೇನು ಕೇಳಿಯಾರು. ಫೋನ್ ಇಟ್ಟುಬಿಟ್ಟರು.

ನಮಗೆ ಇದೊಂದೂ ಗೊತ್ತಿಲ್ಲ. ಗೊತ್ತಾದದ್ದು ಇಷ್ಟೇ: ಮೈಸೂರಿನ ಕಡೆಯಿಂದ ಫೋನ್ ನಿಂತಿತು. ನಿಶ್ಚಿತಾರ್ಥದ ದಿನ ಹತ್ತಿರ ಬರುತ್ತಿದ್ದರೂ ಯಾರೂ ಸುದ್ದಿ ಎತ್ತಲಿಲ್ಲ. ನಾನೇ ಲಲಿತತ್ತೆಗೆ ಫೋನ್ ಮಾಡಿದೆ.

"ನನ್ನನ್ನೇನೂ ಕೇಳಬೇಡ ಕಣೇ. ಹಿರಿಯಳು ಅಂತ ನೀನೊಬ್ಬಳು ಇದ್ದು ನೋಡ್ಕೋಬಾರದಿತ್ತಾ?" ಎಂದರು.

"ನೋಡ್ಕೊಳ್ದೇ ಏನತ್ತೆ, ಅದಾದಾಗ ನಾನು ಪಕ್ಕದಲ್ಲೇ ನಿಂತಿದ್ದೆ."

ಅತ್ತೆ ಫೋನ್ ಕುಕ್ಕಿದರು.

ನಾವು ಅರ್ಥ ಮಾಡಿಕೊಂಡದ್ದು ನಮಗೆ ತೋಚಿದ ಹಾಗೆ. ಹುಡುಗಿ ಪ್ಯಾಂಟು ತೊಟ್ಟು ಹಿಮದ ಮೇಲೆ ಆಡಿ ಕೈ ಮುರಿದುಕೊಂಡದ್ದು ಸುಶೀಲಮ್ಮನಿಗೆ ಹಿಡಿಸಿಲ್ಲ, ಸಂಬಂಧ ಬೇಡವೆನ್ನುತ್ತಿದ್ದಾರೆ. ಗಿರೀಶ ಕೇಳಿದಾಗಲೆಲ್ಲ ಅವರು, ಆಮೇಲೆ ಮಾತಾಡೋಣ, ಎಂದು ಮುಗಿಸುತ್ತಿದ್ದರು. ಅವನು ಶುಕ್ರವಾರ ಬಂದು ಸೋಫಾದ ತುದಿಯಲ್ಲಿ ಕೂತು ಮುಸಫ್ಫಾಗೆ ಹಿಂದಿರುಗುತ್ತಿದ್ದ. ಮಮತಾ ತನ್ನ ಟೋಪಿ, ಹೊಸದಾಗಿ ಕೊಂಡಿದ್ದ ಕೈಗವಸು ಎಲ್ಲವನ್ನೂ ಮಡಿಸಿ ಸೂಟ್‌ಕೇಸಿನ ತಳಕ್ಕೆ ಹಾಕಿದಳು.

"ಅವರಿಗೆ ಇಷ್ಟ ಇಲ್ಲ ಅಂದ್ರೆ ಸ್ನೋ ಬಿಟ್ಟುಬಿಡ್ತೀನಿ ಅಕ್ಕ," ಎಂದಳು. "ಆದರೆ ಗಿರೀಶನ್ನ ಬಿಡು ಅಂದ್ರೆ ನನ್ನ ಕೈಲಾಗಲ್ಲ."

ಹೇಳಿ ಮತ್ತೆ ಹಳೆಯ ಮಮತಾ ಆಗಿಬಿಟ್ಟಳು. ಪಾತ್ರೆ ತೊಳೆಯಲು ಒಂದು ಕೈ ಇಲ್ಲವಲ್ಲ, ನೇರ ಕೋಣೆ ಸೇರುತ್ತಿದ್ದಳು. ನನಗೆ ಸುಶೀಲಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷಕ್ಕೆ ಒಮ್ಮೆ ನನ್ನ ತಂಗಿ ಬಾಯಿ ತುಂಬ ನಕ್ಕದ್ದನ್ನು ಯಾವ ಟೀಚರಮ್ಮನೂ ಕಸಿದುಕೊಳ್ಳಕೂಡದು ಎಂದು ಅಡುಗೆಮನೆಯಲ್ಲಿ ಪಾತ್ರೆಗಳ ಎದುರು ಜಗಳವಾಡಿದ್ದೆ.

ಎರಡು ವಾರ ಹೀಗೆ ಕಳೆದ ಮೇಲೆ ಗಿರೀಶನಿಗೆ ತಾಯಿಯ ಫೋನ್ ಬಂತು. ವಿಸಿಟ್ ವೀಸಾ ಮಾಡಿಸು, ನಾನೇ ಬರುತ್ತೇನೆ, ಎಂದಷ್ಟೇ. ಬ್ಯಾಚುಲರ್‌ಗಳ ರೂಮಿನಲ್ಲಿ ತಾಯಿಯನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ, ಹಾಗಾಗಿ ಅವರು ನಮ್ಮ ಮನೆಗೇ ಬಂದಿಳಿಯುವುದೆಂದಾಯಿತು. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ನಾನು ಸಿದ್ಧ ಮಾಡಿಟ್ಟುಕೊಂಡೆ.

ಬಂದವರು ಗಿಡ್ಡ ಮೈಕಟ್ಟಿನ, ದಪ್ಪ ಕನ್ನಡಕದ, ಇಸ್ತ್ರಿ ಮಾಡಿದ ಹತ್ತಿ ಸೀರೆಯ ಹೆಂಗಸು. ಬಾಗಿಲಲ್ಲಿ ನಿಂತು ಮಮತಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪ್ಲಾಸ್ಟರ್ ಮೇಲೆ ಕಣ್ಣು ಬಿತ್ತು.

"ಅಯ್ಯೋ ಕೂಸೇ, ಇದು ಬೇರೆಯಾ?" ಎಂದರು.

ಬೇರೆ ಎಂದರೆ ಮತ್ತೇನಿದೆ ಎಂದು ನನಗೆ ಹೊಳೆಯಲಿಲ್ಲ. ಅವರು ಒಳಗೆ ಬಂದು ಮಮತಾಳ ತಲೆಯ ಮೇಲೆ ಕೈಯಿಟ್ಟು, "ಊಟ ಸೇರ್ತಿದೆಯಾ? ಬೆಳಿಗ್ಗೆ ಹೊತ್ತು ಸಂಕಟ ಏನಾದರೂ?" ಎಂದು ಕೇಳಿದರು. ಮಮತಾ ಇಲ್ಲವೆಂದು ತಲೆಯಾಡಿಸಿದಳು. ಸೂಟ್‌ಕೇಸ್ ತೆರೆದರೆ ಅಂಟಿನುಂಡೆಯ ಡಬ್ಬ, ಕೇಸರಿ, ನಿಂಬೆಕಾಯಿ ಉಪ್ಪಿನಕಾಯಿ. ಜೊತೆಗೆ ಹಳೆಯ ಹತ್ತಿ ಸೀರೆಗಳದೊಂದು ಗಂಟು. ಅದನ್ನು ಯಾರ ಕೈಗೂ ಕೊಡದೆ ತಾವೇ ಬೀರುವಿನ ಮೇಲಿಟ್ಟರು. ನಾನು ಸಿದ್ಧ ಮಾಡಿಟ್ಟುಕೊಂಡಿದ್ದ ಜಗಳದ ಮಾತುಗಳಿಗೆ ಎಲ್ಲೂ ಜಾಗವೇ ಸಿಗಲಿಲ್ಲ.

ಊಟವಾದ ಮೇಲೆ ಪರಂಗಿ ಹಣ್ಣು ಹೆಚ್ಚಿ ತಂದಿಟ್ಟೆ. ಸುಶೀಲಮ್ಮ ಮಮತಾಳ ಮುಂದಿದ್ದ ತಟ್ಟೆಯನ್ನು ಮೆಲ್ಲಗೆ ಎಳೆದು ನನ್ನ ಗಂಡನ ಮುಂದಿಟ್ಟರು. ನೀನು ತಿನ್ನಬೇಡಮ್ಮ ಎಂದರು. ಮೂಳೆಗೆ ಪರಂಗಿ ಆಗದೇನೋ ಎಂದುಕೊಂಡೆ. ಮರುದಿನ ಬೆಳಿಗ್ಗೆ ನನ್ನ ಹಿಂದೆಯೇ ಅಡುಗೆಮನೆಗೆ ಬಂದರು. ಕೈಯಲ್ಲಿದ್ದ ಲೋಟವನ್ನು ಎರಡು ಸಲ ಇಟ್ಟು ಎರಡು ಸಲ ಎತ್ತಿಕೊಂಡರು.

"ತೆಗೆಸೋದು ಅಂತ ತೀರ್ಮಾನ ಮಾಡಿದ್ದೀರಂತೆ."

"ಹೌದಮ್ಮ. ಡಾಕ್ಟರೇ ಹೇಳಿದಾರಲ್ಲ."

"ಬೇಡಮ್ಮ. ಆ ಮಾತು ಹೇಳೋಕೇ ನಾನು ಇಷ್ಟು ದೂರ ಬಂದೆ."

"ತೆಗೆಸದೇ ಹಾಗೇ ಇಟ್ಕೊಂಡ್ರೆ ಜನ ಏನಂತಾರಮ್ಮ?" ಎಂದು ನಾನು ನಕ್ಕೆ.

ಅವರು ನಗಲಿಲ್ಲ. "ಜನದ ಮಾತು ನನಗಿರಲಿ. ನಾನು ನೋಡ್ಕೋತೀನಿ," ಎಂದರು. ಕಣ್ಣಲ್ಲಿ ನೀರಿತ್ತು. ಪ್ಲಾಸ್ಟರಿನ ಮೇಲೆ ಇಷ್ಟು ಭಕ್ತಿ ಯಾಕೆ ಎಂದು ನಾನು ಬೆರಗಾಗುತ್ತಿರುವಾಗಲೇ ಶ್ರೇಯಾ ಬಂದು ಅವರ ಸೆರಗು ಎಳೆದಳು. ಅವತ್ತು ಶುಕ್ರವಾರ. "ಅಜ್ಜಿ, ಯಲ್ಲಾ, ಲೆಟ್ಸ್ ಗೋ ಟು ದ ಸ್ನೋ. ಚಿಕ್ಕಮ್ಮ ಜಾರಿದ ಜಾಗ ತೋರಿಸ್ತೀನಿ."

ಸುಶೀಲಮ್ಮ ಲೋಟ ಕೆಳಗಿಟ್ಟರು. ಮಗುವಿನ ಬಾಯಲ್ಲಿ ಆ ಮಾತು ಕೇಳಿ ಅವರ ಮುಖ ಹೇಗಾಯಿತೆಂದರೆ, ಏನೋ ಸರಿಯಿಲ್ಲ ಎಂದು ಮೊದಲ ಸಲ ನನಗೂ ಅನ್ನಿಸಿತು.

ಅಬುಧಾಬಿಯಿಂದ ಬಂದ ಗಿರೀಶನನ್ನೂ ಸೇರಿಸಿಕೊಂಡು ಎಲ್ಲರೂ ಹೋದೆವು. ಕೌಂಟರಿನಲ್ಲಿ ಕೊಟ್ಟ ಪ್ಯಾಂಟಿನೊಳಗೆ ಸುಶೀಲಮ್ಮನ ಸೀರೆಯನ್ನು ನೆರಿಗೆ ಸಮೇತ ತುರುಕುವಷ್ಟರಲ್ಲಿ ನನಗೆ ಅಲ್ಲೇ ಬೆವರಿತು. ಮೇಲೆ ಜಾಕೆಟ್, ತಲೆಗೆ ನಮ್ಮ ಮಂಕಿ ಕ್ಯಾಪ್, ಅದರ ಮೇಲೆ ಕನ್ನಡಕ. "ನೀನು ಹೊರಗೇ ಕೂತಿರು" ಎಂದು ಮಮತಾಗೆ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಆಡುವುದಿಲ್ಲ, ಬುಡದಲ್ಲಿ ಮೆಲ್ಲಗೆ ನಡೆಯುತ್ತೇನೆ, ಎಂದಳು. ಕೊನೆಗೆ ಸುಶೀಲಮ್ಮ ಅವಳ ಬಲತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೇ ಒಳಗೆ ಬಂದರು.

ಬಾಗಿಲು ತೆರೆದು ಆ ತಣ್ಣನೆಯ ವಾಸನೆ ಬಡಿದದ್ದೇ ಅವರು ನಿಂತರು. ಬಗ್ಗಿ ಒಂದು ಹಿಡಿ ಹಿಮ ಎತ್ತಿ ಅಂಗೈಯಲ್ಲಿ ಉಜ್ಜಿದರು. "ಮಕ್ಕಳಿಗೆ ಹಿಮಾಲಯದ ಪಾಠ ಮಾಡಿದ್ದೇ ಮಾಡಿದ್ದು," ಎಂದರು. "ಹಿಮ ಹೀಗೆ ಪುಡಿಸಕ್ಕರೆಯಂತೆ ಇರುತ್ತೆ ಅಂತ ಗೊತ್ತೇ ಇರಲಿಲ್ಲ ನೋಡು."

ಶ್ರೇಯಾ ಅವರ ಕೈ ಹಿಡಿದು ಇಳಿಜಾರಿನ ಬುಡಕ್ಕೆ ಎಳೆದೊಯ್ದಳು. "ಹಿಯರ್, ಅಜ್ಜಿ. ಇಲ್ಲೇ. ಗಿರೀಶ್ ಅಂಕಲ್ ಬಿದ್ರು. ಚಿಕ್ಕಮ್ಮ ಎತ್ತೋಕೆ ಹೋದ್ಲು, ಕಾಲು ಜಾರಿ ಶೀ ಆಲ್ಸೋ ಫೆಲ್. ಕೈ ಕ್ರ್ಯಾಕ್ ಆಯ್ತು. ಡಾಕ್ಟರ್ ಸೆಡ್, ಪ್ಲಾಸ್ಟರ್ ಸಿಕ್ಸ್ ವೀಕ್ಸ್ ಇರ್ಬೇಕು."

ಸುಶೀಲಮ್ಮ ಆ ಜಾಗವನ್ನು ನೋಡಿದರು. ಪ್ಲಾಸ್ಟರ್ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು. ಅವರ ದನಿ ತರಗತಿಯ ದನಿಯಾಗಿತ್ತು.

"ಗಿರೀಶ, ನೆಟ್ಟಗಿದ್ದಿದ್ರೆ ಅಂದೆಯಲ್ಲ, ಏನು ಹಾಗಂದ್ರೆ?"

"ಸ್ಕೀ ಹಾಕ್ಕೊಂಡು ನೆಟ್ಟಗೆ ನಿಲ್ಲೋಕೆ ಬರಲ್ಲ ಅಮ್ಮ ನನಗೆ. ಅದಕ್ಕೇ ಬಿದ್ದೆ."

"ಆರು ವಾರ?"

"ಪ್ಲಾಸ್ಟರಿಗೆ."

"ತೆಗೆಸೋದು?"

"ಪ್ಲಾಸ್ಟರೇ ಅಮ್ಮ."

ಅವರು ಕೊನೆಗೆ ಮಮತಾಳ ಕಡೆ ತಿರುಗಿ, ಬಹಳ ಮೆಲ್ಲಗೆ, "ಮತ್ತೆ ಹೊಟ್ಟೇಲಿ?" ಎಂದರು.

ಮಮತಾ ಸ್ವಲ್ಪ ಯೋಚಿಸಿ, "ಬೆಳಿಗ್ಗೆ ತಿಂದ ಇಡ್ಲಿ ಇದೆ ಅಮ್ಮ" ಎಂದಳು.

ಸುಶೀಲಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಮೊದಲು ಭುಜ ಅಲುಗಿತು. ಆಮೇಲೆ ಆ ದಪ್ಪ ಜಾಕೆಟ್ಟಿನೊಳಗಿಂದ ನಗು ಹೊರಟಿತು ನೋಡಿ, ತಡೆಯಲು ಅವರಿಂದಲೂ ಆಗಲಿಲ್ಲ. ನಗುತ್ತ ನಗುತ್ತ ಒಂದು ಹೆಜ್ಜೆ ಹಿಂದಿಟ್ಟರು, ಬೂಟು ಸರ್ರನೆ ಜಾರಿತು, ಸೀರೆ ತುಂಬಿದ ಪ್ಯಾಂಟಿನ ಮೇಲೆ ಮೆತ್ತಗೆ ಕೂತುಬಿಟ್ಟರು. ಎತ್ತಲು ಹೋದ ಗಿರೀಶ ಬಿದ್ದ. ಅವನನ್ನು ಎತ್ತಲು ಹೋದ ನನ್ನ ಗಂಡ ಬಿದ್ದರು. ಮಮತಾ ಮಾತ್ರ ಒಂದು ಕೈ ಪ್ಲಾಸ್ಟರ್ ಇಟ್ಟುಕೊಂಡು ನೆಟ್ಟಗೆ ನಿಂತಿದ್ದಳು. ಅಷ್ಟು ಹೊತ್ತಿಗೆ ಎಲ್ಲವೂ ಒಟ್ಟಿಗೆ ನನ್ನ ತಲೆಗೆ ಹೊಳೆಯಿತು. ಪರಂಗಿ, ಅಂಟಿನುಂಡೆ, ಅತ್ತೆ ಕುಕ್ಕಿದ ಫೋನು. ನಾನು ನಿಂತಲ್ಲೇ ಹಿಮದ ಮೇಲೆ ಕೂತು ನಕ್ಕೆ.

ಆಮೇಲೆ ಹೊರಗೆ ಬಂದು ಬೂಟು ಬಿಚ್ಚಿ, ಬಿಸಿ ಚಾಕೊಲೇಟ್ ಹಿಡಿದು ಗಾಜಿನ ಪಕ್ಕ ಕೂತಾಗ ಸುಶೀಲಮ್ಮ ಕನ್ನಡಕ ಒರೆಸಿಕೊಳ್ಳುತ್ತ ಲಲಿತತ್ತೆ ತಂದ ಸುದ್ದಿಯನ್ನು ಮೊದಲಿಂದ ಹೇಳಿದರು. ನನ್ನ ಗಂಡ ಆಡಿದ್ದ ಒಂದೊಂದು ಮಾತೂ ಹೊರಬಂತು. ಗಂಡನ ಮುಖ ನೋಡುವ ಹಾಗಿರಲಿಲ್ಲ.

"ನಾನು ಇದ್ದದ್ದನ್ನೇ ಹೇಳಿದ್ದಮ್ಮ. ನಮ್ಮ ಕಡೆ ಕಾಲು ಜಾರಿತು ಅಂದ್ರೆ ಕಾಲು ಜಾರಿತು ಅಂತಲೇ."

"ನಿಮ್ಮ ತಪ್ಪೇನಿಲ್ಲಪ್ಪ," ಎಂದರು ಸುಶೀಲಮ್ಮ. "ತಪ್ಪು ನನ್ನ ಕಸುಬಿನದು. ಜೀವಮಾನವಿಡೀ ಹತ್ತನೇ ಕ್ಲಾಸಿನ ಮಕ್ಕಳಿಗೆ, ಕಾಲು ಜಾರು, ಈ ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಬಳಸಿ ಅಂತ ಕೇಳ್ತಾ ಬಂದೆ. ಯಾವನಾದರೂ ಮಳೇಲಿ ಕಾಲು ಜಾರಿ ಬಿದ್ದೆ ಅಂತ ಬರೆದರೆ ಸೊನ್ನೆ ಹಾಕ್ತಿದ್ದೆ. ಆ ಹುಡುಗರ ಶಾಪ ತಟ್ಟಿತು ಅನ್ಸುತ್ತೆ."

ಗಿರೀಶನ ಮೊಬೈಲ್ ತೆಗೆದುಕೊಂಡು ಅಲ್ಲಿಂದಲೇ ಲಲಿತತ್ತೆಗೆ ಫೋನ್ ಮಾಡಿದರು. "ಲಲಿತಾ, ನಿಮ್ಮ ಹುಡುಗಿ ಕಾಲು ಜಾರಿದ್ದು ನಿಜ. ಎಲ್ಲರ ಎದುರಿಗೇ ಜಾರಿದ್ದಾಳೆ. ಅರ್ಧ ಗಂಟೆ ಹಿಂದೆ ನಾನೂ ಜಾರಿದೆ. ಛತ್ರ ಯಾವಾಗ ಖಾಲಿ ಇದೆ ಅಂತ ನೋಡಿ, ಮಿಕ್ಕಿದ್ದು ಬಂದು ಹೇಳ್ತೀನಿ." ಫೋನ್ ಇಟ್ಟು ಮಮತಾಗೆ, "ಕೈ ವಾಸಿಯಾದ ಮೇಲೆ ನಿನ್ನ ಆಟ ಮುಂದುವರಿಸು. ಇವನಿಗೂ ನೆಟ್ಟಗೆ ನಿಲ್ಲೋದು ಕಲಿಸು. ನನ್ನ ಕೈಲಂತೂ ಆಗಲಿಲ್ಲ" ಎಂದರು.

ಮಮತಾ ಮತ್ತೆ ಮಾತಾಡಲು ಶುರುಮಾಡಿದಳು. ಮನೆ ತಲುಪುವ ತನಕ ಕಾರಿನಲ್ಲಿ ಬೇರೆಯವರಿಗೆ ಬಾಯಿ ತೆರೆಯಲು ಅವಕಾಶವಿರಲಿಲ್ಲ.

ಸಂಜೆ ದೀಪ ಹಚ್ಚಿ ಬಂದಾಗ ಸುಶೀಲಮ್ಮ ಬೀರುವಿನ ಮೇಲಿನ ಗಂಟನ್ನು ಇಳಿಸಿ ಸೂಟ್‌ಕೇಸಿಗೆ ತುಂಬುತ್ತಿದ್ದರು. ನನಗೆ ಅದೊಂದು ಮಾತ್ರ ಅರ್ಥವಾಗದೆ ಉಳಿದಿತ್ತು. "ಇದೇನಮ್ಮ, ಹಳೇ ಸೀರೆ?" ಎಂದು ಕೇಳಿದೆ.

ಅವರಿಗೆ ನಾಚಿಕೆಯಾಯಿತು. ಗಂಟು ಬಿಚ್ಚಿ ತೋರಿಸಿದರು. ಐದಾರು ಸೀರೆ, ಎಲ್ಲವೂ ಚೌಕಚೌಕವಾಗಿ ಹರಿದು ಅಂಚು ಹೊಲಿದವು. ಮುಟ್ಟಿದರೆ ಕೈಗೆ ಸಿಗದಷ್ಟು ಮೆತ್ತಗಿದ್ದವು.

"ಮಗು ಬರುತ್ತೆ ಅಂದ್ಕೊಂಡಿದ್ನಲ್ಲಮ್ಮ. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಒತ್ತುತ್ತೆ. ಇವನ್ನ ದಿನಾ ಒಗೆದು, ಒಣಗಿಸಿ, ಮತ್ತೆ ಒಗೆದು ಹದ ಮಾಡಿದೆ. ಅದಕ್ಕೇ ಎರಡು ವಾರ ತಡವಾಯ್ತು ನಾನು ಬರೋದು."

ಆಕೆ ನಮ್ಮ ಮೇಲೆ ಮುನಿಸಿಕೊಂಡು ಕೂತಿದ್ದಾರೆಂದು ನಾನು ಪಾತ್ರೆಗಳ ಎದುರು ಜಗಳವಾಡುತ್ತಿದ್ದ ಆ ದಿನಗಳಲ್ಲಿ ಅವರು ಮೈಸೂರಿನ ಹಿತ್ತಲಿನಲ್ಲಿ ಈ ಬಟ್ಟೆಗಳನ್ನು ಒಗೆಯುತ್ತಿದ್ದರು. ನನ್ನ ತಂಗಿಯ ಬಗ್ಗೆ ಊರೆಲ್ಲ ಏನು ಹೇಳಿದರೂ ಮನೆಗೆ ಕರೆದೊಯ್ಯಲೆಂದೇ ಬಂದಿದ್ದರು.

ಮಮತಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಒಳಗೆ ಬಂದು, ಒಂದು ಬಟ್ಟೆ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಸೂಟ್‌ಕೇಸಿನಿಂದ ಗಂಟನ್ನು ಒಂದೇ ಕೈಯಲ್ಲಿ ಎತ್ತಿ ತನ್ನ ಬೀರುವಿನೊಳಗೆ, ಮತ್ತೆ ಹೊರತೆಗೆದಿದ್ದ ಟೋಪಿ ಕೈಗವಸಿನ ಪಕ್ಕದಲ್ಲಿ ಇಟ್ಟಳು.

"ವಾಪಸ್ ಯಾಕೆ ಒಯ್ತೀರಮ್ಮ," ಎಂದಳು. "ಇಲ್ಲೇ ಇರಲಿ. ಮುಂದೆ ಬೇಕಾಗುತ್ತೆ."